ಮೂಗಿನ ರಕ್ತ ಮತ್ತು ಮೂವತ್ತು ನಿಮಿಷದ ಲಗ್ನಪತ್ರಿಕೆ

ಮೂಗಿನಿಂದ ರಕ್ತ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಹೆದರಲಿಲ್ಲ. ಅಮ್ಮ ಹಿತ್ತಲಿಗೆ ಹೋಗಿ ಗರಿಕೆ ಕಿತ್ತು ತಂದಳು. ಅರೆದು ರಸ ಹಿಂಡಿ ಎರಡು ತೊಟ್ಟು ಮೂಗಿಗೆ ಬಿಟ್ಟಳು. ನೆತ್ತಿಗೆ ತಣ್ಣೀರು ತಟ್ಟಿದಳು. "ಯುಗಾದಿ ಕಳೆದ ಮೇಲೆ ಬಿಸಿಲು ಅಂದ್ರೆ ಬಿಸಿಲು. ಉಷ್ಣ ಆಗಿದೆ ಅಷ್ಟೇ ಮಗಾ" ಎಂದಳು. ಹತ್ತು ನಿಮಿಷಕ್ಕೆ ರಕ್ತ ನಿಂತಿತು. ಗರಿಕೆಗೆ ಹೆಸರು ಬಂತು.

ನಾನು ಬೈಕಿನಿಂದ ಬಿದ್ದು ಅವತ್ತಿಗೆ ಹತ್ತೊಂಬತ್ತು ದಿನ. ಬಿದ್ದಿದ್ದಕ್ಕೂ ಮೂಗಿನ ರಕ್ತಕ್ಕೂ ಸಂಬಂಧ ಇರಬಹುದು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಆಸ್ಪತ್ರೆಯವರೇ ಮನೆಗೆ ಕಳಿಸಿದ್ದರಲ್ವಾ?

ಅರಸೀಕೆರೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ವೈಕುಂಠ ಸಮಾರಾಧನೆ ಕಾರ್ಡು, ಚುನಾವಣೆ ಬಂದರೆ ಕರಪತ್ರ. ಆ ರಾತ್ರಿ ಬಾಣಾವರದಲ್ಲಿ ಒಬ್ಬರಿಗೆ ಕಾರ್ಡು ಮುಟ್ಟಿಸಿ ವಾಪಸ್ ಬರುತ್ತಿದ್ದೆ. ನಾಯಿ ಅಡ್ಡ ಬಂತು. ತಲೆ ಮೇಲೆ ಇದ್ದದ್ದು ಪೊಲೀಸರಿಗೆ ತೋರಿಸುವ ಅರ್ಧ ಹೆಲ್ಮೆಟ್ಟು, ಅದರ ಕ್ಲಿಪ್ಪನ್ನೂ ಹಾಕಿರಲಿಲ್ಲ. ನನಗಿಂತ ಮೊದಲು ಅದೇ ಹಾರಿ ಹೋಯಿತು. ಮೋರಿ ಕಟ್ಟೆಗೆ ಮುಖ ಹೊಡೆಯಿತು.

ಸಿಟಿ ಸ್ಕ್ಯಾನ್ ಮಾಡಿದರು. ತಲೆಬುರುಡೆಯ ತಳದಲ್ಲಿ ಬಿರುಕು ಇದೆ, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿಲ್ಲ, ಆಪರೇಷನ್ ಬೇಡ ಎಂದರು. ಎರಡೂ ಕಣ್ಣಿನ ಸುತ್ತ ಕಾಡಿಗೆ ಮೆತ್ತಿದ ಹಾಗೆ ಕಪ್ಪಾಗಿತ್ತು. ಬಲಗಣ್ಣು ಮಂಜು ಮಂಜು. ಅದನ್ನು ಹೇಳಿದೆ. "ಊತ ಇಳಿದ ಮೇಲೆ ಸರಿ ಹೋಗುತ್ತೆ" ಎಂದರು. ಆರನೇ ದಿನ ಡಿಸ್ಚಾರ್ಜ್. ವಾಂತಿ ಬಂದರೆ, ಫಿಟ್ಸ್ ಬಂದರೆ ಬನ್ನಿ ಎಂದಿದ್ದರು. ಮೂಗಿನ ಮಾತೇ ಬರಲಿಲ್ಲ. ಊತ ಇಳಿಯಿತು. ಕಣ್ಣು ಮಾತ್ರ ಮಂಜಿನಿಂದ ಕತ್ತಲೆಗೆ ಹೋಯಿತು. ನಾನು ಅದನ್ನು ಹೆಂಡತಿಗೂ ಸರಿಯಾಗಿ ಹೇಳಿರಲಿಲ್ಲ. ಒಂದು ಕಣ್ಣಲ್ಲೇ ಕಾರ್ಡು ಸೆಟ್ ಮಾಡುತ್ತಾ ಕೂತಿದ್ದೆ.

ಗರಿಕೆ ರಸ ಬಿಟ್ಟ ಮೂರನೇ ರಾತ್ರಿ ಎರಡನೇ ಸಲ ರಕ್ತ ಬಂತು. ಇದು ತೊಟ್ಟಿಕ್ಕುವ ರಕ್ತ ಅಲ್ಲ, ನಲ್ಲಿ ಬಿಟ್ಟ ಹಾಗೆ. ಮೂಗು ಹಿಡಿದರೆ ಬಾಯಿಂದ ಬರುತ್ತಿತ್ತು. ಬಚ್ಚಲಿನಲ್ಲಿ ಕೂತಿದ್ದೆ, ಹೆಂಡತಿ ಚೊಂಬಿನಲ್ಲಿ ನೀರು ಹಾಕಿದಷ್ಟೂ ನೆಲ ಕೆಂಪು. "ರೀ, ಮಾತಾಡಿ, ಸುಮ್ನಾಗ್ಬೇಡಿ" ಎನ್ನುತ್ತಲೇ 108ಕ್ಕೆ ಫೋನ್ ಮಾಡಿದಳು. ಹಾಸನ ಮುಟ್ಟುವಷ್ಟರಲ್ಲಿ ಮೂರು ಟವೆಲ್ ತೊಯ್ದಿದ್ದವು.

ಅಲ್ಲಿ ಡ್ಯೂಟಿಯಲ್ಲಿದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಇಎನ್‌ಟಿ ಡಾಕ್ಟರಮ್ಮ. ಮೂಗಿಗೆ ಉದ್ದನೆಯ ಗಾಜ್ ಬಟ್ಟೆ ತುರುಕಿ, ತುರುಕಿ, ಇನ್ನು ಜಾಗವೇ ಇಲ್ಲ ಎನ್ನುವಷ್ಟು ತುಂಬಿದರು. ರಕ್ತ ಹತೋಟಿಗೆ ಬಂತು. ಆಮೇಲೆ ಅವರು ಮೂಗಿನ ಬಗ್ಗೆ ಏನೂ ಕೇಳಲಿಲ್ಲ. ಟಾರ್ಚ್ ತೆಗೆದು ಕಣ್ಣಿಗೆ ಬಿಟ್ಟರು. ಎಡಗಣ್ಣು, ಬಲಗಣ್ಣು, ಮತ್ತೆ ಎಡಗಣ್ಣು.

"ಈ ಕಣ್ಣು ಯಾವಾಗಿಂದ ಕಾಣ್ತಿಲ್ಲ ನಿಮಗೆ?"

ಹೆಂಡತಿ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಗಿದ್ದು ಆಗಲೇ.

"ತಲೆಗೆ ಪೆಟ್ಟು ಬಿದ್ದಿತ್ತಾ?" ಅದು ಅವರ ಎರಡನೇ ಪ್ರಶ್ನೆ. ಹೌದು ಎಂದಾಗ ಅವರ ಮುಖ ಬದಲಾಯಿತು. ಫೋನ್ ತೆಗೆದುಕೊಂಡು ಹೊರಗೆ ಹೋದರು. ಒಳಗೆ ಬಂದು ಸಿಸ್ಟರ್‌ಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಈ ಪ್ಯಾಕ್ ಯಾರೂ ಮುಟ್ಟಬಾರದು. ನಾನಿಲ್ಲದಾಗ ಯಾರು ಬಂದು ಹೇಳಿದ್ರೂ ತೆಗೀಬಾರದು."

ತಲೆಗೆ ಪೆಟ್ಟು, ಒಂದು ಕಣ್ಣು ಕುರುಡು, ಕೆಲವು ದಿನ ಅಥವಾ ವಾರ ಬಿಟ್ಟು ಮೂಗಿನಿಂದ ಧಾರಾಕಾರ ರಕ್ತ. ಈ ಮೂರೂ ಸೇರಿದರೆ ಏನನ್ನು ಹುಡುಕಬೇಕು ಎಂಬುದು 1961ರಲ್ಲೇ ಡಾಕ್ಟರುಗಳ ಪತ್ರಿಕೆಯಲ್ಲಿ ಬಂದಿದೆ. ಅಪರೂಪದ ಕೇಸು, ಹೌದು. ಮೆದುಳಿನ ರಕ್ತನಾಳದ ಅನ್ಯೂರಿಸಂಗಳಲ್ಲಿ, ಅಂದರೆ ನಾಳದ ಮೇಲೆ ಏಳುವ ಉಬ್ಬುಗಳಲ್ಲಿ, ಪೆಟ್ಟಿನಿಂದ ಆಗುವವು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಆ ಡಾಕ್ಟರಮ್ಮ ಓದಿದ್ದರು, ಓದಿದ್ದು ರಾತ್ರಿ ಎರಡು ಗಂಟೆಯಲ್ಲೂ ನೆನಪಿಗೆ ಬಂತು. ನಾನು ಬದುಕಿರುವುದು ಆ ಎರಡು ಪ್ರಶ್ನೆಯಿಂದ.

ಬೆಳಗ್ಗೆ ಆಂಜಿಯೋ ಮಾಡಿದರು, ಸಿಟಿಯಲ್ಲೇ, ಕೈಗೆ ಬಣ್ಣದ ಔಷಧಿ ಕೊಟ್ಟು. ಬಲಗಡೆಯ ಕೆರೋಟಿಡ್ ನಾಳದಿಂದ ಒಂದು ಚೀಲ ಹೊರಗೆ ಚಾಚಿಕೊಂಡಿತ್ತು. ಕುತ್ತಿಗೆಯಲ್ಲಿ ಕೈ ಇಟ್ಟರೆ ಹೊಡೆದುಕೊಳ್ಳುತ್ತಲ್ಲ, ಆ ನಾಳವೇ ಒಳಗೆ ಕವಲೊಡೆದು ತಲೆಬುರುಡೆಯ ತಳವನ್ನು ಹಾದು ಮೆದುಳಿಗೆ ಹೋಗುತ್ತದೆ. ಹಾದು ಹೋಗುವ ಜಾಗದಲ್ಲಿ ಮೂಗಿನ ಹಿಂದೆ ಒಂದು ಗಾಳಿ ತುಂಬಿದ ಪೊಳ್ಳು. ನಡುವೆ ಇರುವ ಮೂಳೆ ತೀರಾ ತೆಳು. ಮೋರಿ ಕಟ್ಟೆಗೆ ಬಿದ್ದಾಗ ಬಿರುಕು ಬಿಟ್ಟದ್ದು ಅದೇ ಮೂಳೆ. ಪಕ್ಕದಲ್ಲೇ ಕಣ್ಣಿನ ನರ. ಒಂದೇ ಏಟಿಗೆ ನರವೂ ಹೋಯಿತು, ನಾಳವೂ ಸೀಳಿತು.

ಹಾಗಾದರೆ ಅವತ್ತೇ ರಕ್ತ ಯಾಕೆ ಬರಲಿಲ್ಲ? ಇದನ್ನು ಬೆಂಗಳೂರಿನ ಡಾಕ್ಟರು ಬಿಡಿಸಿ ಹೇಳಿದರು. ನಮ್ಮ ಕಡೆ ತೆಂಗಿನ ತೋಟ ಜಾಸ್ತಿ ಎಂದು ಗೊತ್ತಿತ್ತೋ ಏನೋ. "ತೋಟದಲ್ಲಿ ಡ್ರಿಪ್ ಪೈಪ್ ಮಣ್ಣೊಳಗೆ ಸೀಳಿದೆ ಅಂದ್ಕೊಳ್ಳಿ. ಸುತ್ತ ಮಣ್ಣು ಕೆಸರಾಗಿ ಮೆತ್ಕೊಂಡು ಸ್ವಲ್ಪ ದಿನ ತಡೆಯುತ್ತೆ. ಮೇಲಿಂದ ನೋಡಿದ್ರೆ ಗೊತ್ತಾಗಲ್ಲ. ಆದ್ರೆ ಒಳಗೆ ನೀರು ಕೊರೀತಾನೇ ಇರುತ್ತೆ." ಸಾಮಾನ್ಯ ಅನ್ಯೂರಿಸಂ ಎಂದರೆ ನಾಳದ ಗೋಡೆಯೇ ತೆಳುವಾಗಿ ಉಬ್ಬುವುದು, ಹಳೇ ಸೈಕಲ್ ಟ್ಯೂಬು ಉಬ್ಬಿದ ಹಾಗೆ. ನನ್ನದರಲ್ಲಿ ಗೋಡೆಯೇ ಇಲ್ಲ. ಗೋಡೆಯ ಎಲ್ಲ ಪದರವೂ ಹರಿದು, ಹೊರಗೆ ಬಂದ ರಕ್ತ ಹೆಪ್ಪುಗಟ್ಟಿ ಅದೇ ಗೋಡೆಯಾಗಿ ನಿಂತಿತ್ತು. ಆದ್ದರಿಂದ ಇದಕ್ಕೆ ಹುಸಿ ಅನ್ಯೂರಿಸಂ ಎನ್ನುತ್ತಾರೆ. ಮೊದಲ ದಿನವೇ ಆಂಜಿಯೋ ಮಾಡಿದ್ದರೂ ಕಾಣದೇ ಇರಬಹುದಿತ್ತಂತೆ. ಅದು ಬೆಳೆಯಲು ದಿನ ಬೇಕು. ಈ ಮಾತು ಕೇಳಿದ ಮೇಲೆ ಮೊದಲ ಆಸ್ಪತ್ರೆಯ ಮೇಲಿನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಕಣ್ಣಿನ ವಿಷಯಕ್ಕೆ ಇನ್ನೂ ಇದೆ.

ಊರಿನಲ್ಲಿ ಸುದ್ದಿ ಹಬ್ಬಿದ್ದೇ ಬೇರೆ. ಅನ್ಯೂರಿಸಂ ಎಂಬ ಪದ ನಮ್ಮ ಬೀದಿ ಮುಟ್ಟುವಷ್ಟರಲ್ಲಿ ಅನೀಮಿಯಾ ಆಗಿತ್ತು. ಪಕ್ಕದ ಮನೆಯ ಅಜ್ಜಿ ಬೀಟ್‌ರೂಟ್ ಕಳಿಸಿಕೊಟ್ಟಿದ್ದರು.

ಹಾಸನದಿಂದ ಬೆಂಗಳೂರಿಗೆ ಆಂಬುಲೆನ್ಸಿನಲ್ಲಿ ಹೋದದ್ದು ನೆನಪಿರುವುದು ತುಣುಕು ತುಣುಕಾಗಿ. ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲದ ಟ್ರಾಫಿಕ್ಕು. ಬಾಯಲ್ಲೇ ಉಸಿರು, ಗಂಟಲು ಒಣಗಿ ಮರದ ತೊಗಟೆ. ಸೀನಬೇಡಿ, ಕೆಮ್ಮಬೇಡಿ, ಮುಕ್ಕಬೇಡಿ ಎಂದಿದ್ದರು. ಸೀನಬೇಡಿ ಎಂದ ಮೇಲೆ ಸೀನು ಬರದೇ ಇರುತ್ತಾ? ದಾರಿಯುದ್ದಕ್ಕೂ ಅದೊಂದೇ ಯೋಚನೆ.

ಕಾಗದಪತ್ರದ ಓಡಾಟ ಬಾಮೈದನದು. ನಮಗೆ ಬಿಪಿಎಲ್ ಕಾರ್ಡಿದೆ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೈಯಲ್ಲಿತ್ತು, ಅದೃಷ್ಟ. ಆದರೂ ಅವನು ಕೌಂಟರಿನಿಂದ ಕೌಂಟರಿಗೆ ಅಲೆದು, ಪ್ಯಾಕೇಜಿನಲ್ಲಿ ಎಷ್ಟು ಕಾಯಿಲ್ ಸೇರುತ್ತದೆ, ಮಿಕ್ಕಿದ್ದಕ್ಕೆ ಯಾರು ಕಟ್ಟಬೇಕು ಎಂದು ಕೇಳಿ ಕೇಳಿ ಸುಸ್ತಾದ. ಕೊನೆಗೆ ಕಾಯಿಲ್ ಎಂದರೇನು ಎಂದು ನನಗಿಂತ ಮೊದಲು ಅವನಿಗೇ ಗೊತ್ತಾಗಿತ್ತು.

ತಲೆ ತೆರೆಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದರು. ಆ ಜಾಗ ಮೂಳೆಯ ಮಧ್ಯೆ, ನರಗಳ ಗುಂಪಿನ ಮಧ್ಯೆ ಇದೆ. ಕತ್ತರಿಸಿಕೊಂಡು ಹೋಗುವುದು ಕಷ್ಟ. ತೊಡೆಸಂದಿಯ ನಾಳದಿಂದ ಸಣ್ಣ ಕೊಳವೆ ಬಿಟ್ಟು ಒಳದಾರಿಯಲ್ಲೇ ಮೇಲೆ ಹೋಗಬೇಕು. ಹೋದ ಮೇಲೆ ಏನು ಮಾಡಬೇಕು ಎಂಬುದರಲ್ಲಿ ಮೂರು ನಾಲ್ಕು ದಾರಿ. ಚೀಲದೊಳಗೆ ಪ್ಲಾಟಿನಂ ತಂತಿಯ ಸುರುಳಿ, ಅಂದರೆ ಆ ಕಾಯಿಲ್, ತುಂಬಬಹುದು. ಆದರೆ ನನ್ನ ಚೀಲಕ್ಕೆ ಗೋಡೆಯೇ ಇಲ್ಲ, ನೆನೆದ ಪೇಪರ್ ಕವರಿಗೆ ಜಲ್ಲಿ ಹಾಕಿದ ಹಾಗೆ ಆಗುತ್ತದೆ. ನಾಳದೊಳಗೆ ಜಾಲರಿಯ ಕೊಳವೆ ಕೂರಿಸಿ ರಕ್ತವನ್ನು ನೇರ ಹರಿಸಬಹುದು. ಅದಕ್ಕೆ ಫ್ಲೋ ಡೈವರ್ಟರ್ ಎನ್ನುತ್ತಾರೆ. ಆದರೆ ಅದು ತೂತನ್ನು ಕೂಡಲೇ ಮುಚ್ಚುವುದಿಲ್ಲ. ಮೇಲಾಗಿ ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಬಗೆಯ ಮಾತ್ರೆ ತಿಂಗಳುಗಟ್ಟಲೆ ನುಂಗಬೇಕು. ಮೂಗಲ್ಲಿ ರಕ್ತ ಸೋರುತ್ತಿರುವವನಿಗೆ ಆ ಮಾತ್ರೆ! ಪೊರೆ ಹೊದಿಸಿದ ಸ್ಟೆಂಟ್ ಇದೆ, ಆದರೆ ಅದು ಬಿರುಸು. ಆ ಜಾಗದಲ್ಲಿ ನಾಳ ಹಾವಿನ ಹಾಗೆ ತಿರುಗುತ್ತದೆ.

"ಉಳಿದಿದ್ದು, ಬಲಗಡೆ ನಾಳವನ್ನೇ ಪೂರ್ತಿ ಮುಚ್ಚಿಬಿಡೋದು."

ನಾನು ತಮಾಷೆ ಎಂದುಕೊಂಡೆ. ಮೆದುಳಿಗೆ ಹೋಗುವ ಎರಡು ದೊಡ್ಡ ನಾಳಗಳಲ್ಲಿ ಒಂದನ್ನು ಮುಚ್ಚುವುದೇ?

ಡಾಕ್ಟರು ಪೆನ್ನು ತೆಗೆದು ನನ್ನ ಕೇಸ್ ಶೀಟಿನ ಹಿಂದೆ ಒಂದು ಉಂಗುರ ಬರೆದರು. ಮೆದುಳಿನ ತಳದಲ್ಲಿ ಮುಂದಿನ ಎರಡು, ಹಿಂದಿನ ಎರಡು ನಾಳಗಳು ಉಂಗುರದ ಹಾಗೆ ಕೂಡಿಕೊಳ್ಳುತ್ತವೆ. ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ 1664ರಲ್ಲಿ ಇದನ್ನು ವಿವರಿಸಿದ್ದರಿಂದ ಉಂಗುರಕ್ಕೆ ಅವನದೇ ಹೆಸರು. ಉಂಗುರ ಚೆನ್ನಾಗಿದ್ದರೆ ಒಂದು ಕಡೆ ನಿಂತರೂ ಇನ್ನೊಂದು ಕಡೆಯಿಂದ ರಕ್ತ ಬರುತ್ತದೆ. ಎಲ್ಲರಿಗೂ ಉಂಗುರ ಪೂರ್ತಿ ಇರುವುದಿಲ್ಲ. ನಿಮಗೆ ಇದೆಯೋ ಇಲ್ಲವೋ ನೋಡಬೇಕು. ನೋಡುವುದು ಹೇಗೆ? ಬಲೂನು ಊದಿ ನಾಳವನ್ನು ಅರ್ಧ ಗಂಟೆ ಮುಚ್ಚುತ್ತೇವೆ, ನೀವು ಎಚ್ಚರವಾಗೇ ಇರಬೇಕು, ಎಂದರು.

ಆಮೇಲೆ ವಾರ್ಡಿನಲ್ಲಿ ಬಿದ್ದುಕೊಂಡು ಫೋನಿನಲ್ಲಿ ಓದಿದೆ. ನಾಳದೊಳಗೆ ಬಲೂನು ಬಿಡುವ ಈ ಕೆಲಸಕ್ಕೆ ದಾರಿ ಹಾಕಿದವರು ಮಾಸ್ಕೋದ ಸೆರ್ಬಿನೆಂಕೊ ಎಂಬ ಸರ್ಜನ್. ಮೇ ದಿನದ ಮೆರವಣಿಗೆಯಲ್ಲಿ ಮಕ್ಕಳು ದಾರ ಹಿಡಿದು ಬಲೂನು ಆಡಿಸುವುದನ್ನು ನೋಡಿ ಅವರಿಗೆ ಹೊಳೆಯಿತು ಎಂದು ಹೇಳುತ್ತಾರೆ. 1974ರಲ್ಲಿ ಅವರ ಬಲೂನಿನ ಕೆಲಸ ಅಮೆರಿಕದ ಪತ್ರಿಕೆಯಲ್ಲಿ ಬಂದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಕರೆಂಟ್ ಹಾಯಿಸಿ ತುದಿಯಿಂದ ಬಿಡಿಸುವ ಪ್ಲಾಟಿನಂ ಕಾಯಿಲ್ಲನ್ನು ರೋಗಿಯ ಮೇಲೆ ಮೊದಲು ಬಳಸಿದ್ದು 1990ರಲ್ಲಿ, ಲಾಸ್ ಏಂಜಲೀಸಿನಲ್ಲಿ, ಗುಗ್ಲಿಯೆಲ್ಮಿ ಎಂಬ ಇಟಲಿಯ ಡಾಕ್ಟರು. ಜಾತ್ರೆಯ ಬಲೂನು ನೋಡಿದರೆ ನಾವು ಮಗುವಿಗೆ ಕೊಡಿಸಿ ಸುಮ್ನಾಗುತ್ತೇವೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಕನ್ನಡದಲ್ಲೇ ಇತ್ತು. "ಪಾರ್ಶ್ವವಾಯು" ಪದದಲ್ಲಿ ಶ ತಪ್ಪಾಗಿ ಬಿದ್ದಿತ್ತು. ವೃತ್ತಿ ದೋಷ, ಕಣ್ಣು ಮೊದಲು ಅಲ್ಲಿಗೇ ಹೋಯಿತು. ಅರ್ಥ ಆಮೇಲೆ ತಲೆಗೆ ಇಳಿಯಿತು. ಎಡಗೈ ಎಡಗಾಲು ಬೀಳಬಹುದು, ಸಾವೂ ಆಗಬಹುದು. ಹೆಂಡತಿ ಓದಲಿಲ್ಲ. "ಎಲ್ಲಿ ಹಾಕಬೇಕು ಹೇಳಿ" ಎಂದು ಕೇಳಿ ಸಹಿ ಮಾಡಿಕೊಟ್ಟಳು.

ಮಾರನೇ ದಿನ ಬೆಳಗ್ಗೆ ಕ್ಯಾಥ್‌ಲ್ಯಾಬು. ಹಿಂದಿನ ರಾತ್ರಿಯಿಂದ ಹೊಟ್ಟೆಗೇನೂ ಇಲ್ಲ. ಎಸಿ ಎಷ್ಟಿತ್ತೆಂದರೆ ಹಲ್ಲು ಕಟಕಟ. ತಲೆಯ ಸುತ್ತ ಎರಡು ದೊಡ್ಡ ಎಕ್ಸ್‌ರೇ ಕೈಗಳು, ಒಂದು ಮೇಲಿಂದ, ಒಂದು ಪಕ್ಕದಿಂದ. ಸೀಸದ ಏಪ್ರನ್ ಹಾಕಿಕೊಂಡ ಐದಾರು ಜನ. ಎರಡೂ ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಅಷ್ಟೇ ನೋವು. ಆಮೇಲೆ ಯಾರೋ ಒತ್ತುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಕೊಳವೆ ಹೊಟ್ಟೆ, ಎದೆ ದಾಟಿ ಕುತ್ತಿಗೆಗೆ ಬಂದದ್ದು ಗೊತ್ತೇ ಆಗಲಿಲ್ಲ.

ಬಣ್ಣದ ಔಷಧಿ ಬಿಡುವಾಗ ಮಾತ್ರ ಗೊತ್ತಾಗುತ್ತದೆ. "ಬಿಸಿ ಆಗುತ್ತೆ, ಅಲ್ಲಾಡಬೇಡಿ" ಎನ್ನುತ್ತಾರೆ. ಎಡಗಡೆ ಬಿಟ್ಟಾಗ ಕೆನ್ನೆ, ಕಣ್ಣಿನ ಹಿಂದೆಲ್ಲ ಬಿಸಿ ಹರಿದು, ಕಣ್ಣಲ್ಲಿ ಮಿಂಚು ಹೊಡೆದ ಹಾಗೆ ಬೆಳಕು ಬಂತು. ಬಲಗಡೆ ಬಿಟ್ಟರು. ಬಿಸಿ ಬಂತು. ಮಿಂಚಿಗೆ ಕಾದೆ. ಬರಲಿಲ್ಲ. ಕಣ್ಣು ಹೋಗಿದೆ ಎಂದು ಎಷ್ಟೋ ಜನ ಹೇಳಿದ್ದರು. ನನಗೆ ನಂಬಿಕೆ ಬಂದದ್ದು ಆಗ.

"ಈಗ ಬಲೂನು ಊದ್ತೀವಿ. ಎಡಗೈ ಮೇಲೆತ್ತಿ ಹಾಗೇ ಹಿಡ್ಕೊಳ್ಳಿ. ಮಾತಾಡ್ತಾ ಇರಿ."

"ಏನು ಮಾತಾಡ್ಲಿ ಸಾರ್?"

"ಏನಾದ್ರೂ. ಏನು ಕೆಲಸ ನಿಮ್ದು?"

ಲಗ್ನಪತ್ರಿಕೆ ಎಂದೆ. ಹಾಗಾದ್ರೆ ಅದನ್ನೇ ಓದಿ ಎಂದರು. ನಾನು ಶುರು ಮಾಡಿದೆ. ಸ್ವಸ್ತಿಶ್ರೀ ವಿಜಯಾಭ್ಯುದಯ ನೃಪ ಶಾಲಿವಾಹನ ಶಕ ವರ್ಷಂಗಳು. ಮೂಗಿಗೆ ಗಾಜ್ ತುಂಬಿದವನ ಬಾಯಲ್ಲಿ ಆ ಸಾಲು ಹೇಗೆ ಕೇಳಿಸಿರಬೇಡ! ಗುರುಹಿರಿಯರು ನಿಶ್ಚಯಿಸಿರುವಂತೆ. ತಾವು ಸಕುಟುಂಬ ಸಪರಿವಾರ ಸಮೇತರಾಗಿ. ಪ್ರತಿ ಎರಡು ನಿಮಿಷಕ್ಕೆ ಸಿಸ್ಟರ್ ನನ್ನ ಎಡಗೈಗೆ ಬೆರಳು ಕೊಟ್ಟು "ಹಿಂಡಿ" ಎನ್ನುತ್ತಿದ್ದರು. ನಗಿ ಎನ್ನುತ್ತಿದ್ದರು, ಬಾಯಿ ಸೊಟ್ಟ ಆಗಿದೆಯಾ ನೋಡಲು. ಕಾಲು ಅಲ್ಲಾಡಿಸಿ. ಇದು ಎಷ್ಟು ಬೆರಳು. ನಾಲಿಗೆ ತೊದಲಿದರೆ, ಕೈ ಇಳಿದರೆ ಕೂಡಲೇ ಬಲೂನಿನ ಗಾಳಿ ತೆಗೆಯುತ್ತಾರೆ. ಗಾಳಿ ಎಂದೆ, ಅದರೊಳಗೆ ತುಂಬುವುದು ಅದೇ ಬಣ್ಣದ ನೀರು.

ವಿಚಿತ್ರ ಏನೆಂದರೆ, ಏನೂ ಆಗಲಿಲ್ಲ. ಮೆದುಳಿನ ಬಲಭಾಗಕ್ಕೆ ಹೋಗುವ ದೊಡ್ಡ ನಾಳ ಮುಚ್ಚಿದೆ, ನಾನು ವರನ ಕಡೆಯ ಸುಖಾಗಮನಾಭಿಲಾಷಿಗಳ ಪಟ್ಟಿ ಓದುತ್ತಿದ್ದೇನೆ. ಒಂದು ಕಾರ್ಡು ಮುಗಿಯಿತು, ಇನ್ನೊಂದು ಶುರು ಮಾಡಿದೆ. ಗೃಹಪ್ರವೇಶದ್ದು, ನಾಮಕರಣದ್ದು. ವೈಕುಂಠ ಸಮಾರಾಧನೆಯದು ಬಾಯಿಗೆ ಬಂತು, ನುಂಗಿಕೊಂಡೆ.

"ಊಟ ಯಾವ ಛತ್ರದಲ್ಲಿ?" ಎಂದು ಗಾಜಿನ ಆಚೆಯಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು. ನನಗೆ ನಿಜವಾಗಿಯೂ ಹಸಿವಾಗಿತ್ತು.

ಇಪ್ಪತ್ತು ನಿಮಿಷ ಆದ ಮೇಲೆ ಔಷಧಿ ಕೊಟ್ಟು ಬಿಪಿ ಬೇಕಂತಲೇ ಇಳಿಸಿದರು. ಮನೆಗೆ ಹೋದ ಮೇಲೆ ಯಾವತ್ತಾದರೂ ಬಿಪಿ ಇಳಿದರೆ ತಡೆದುಕೊಳ್ಳುತ್ತೀರಾ ನೋಡಬೇಕು ಎಂದರು. ಆಗ ಆಕಳಿಕೆ ಬಂತು. ಒಂದಾದ ಮೇಲೆ ಒಂದು. ಎಡಗೈ ಭಾರ ಅನಿಸಿತು. ಇದು ಕೈ ಬೀಳುತ್ತಿರುವುದೋ, ಇಷ್ಟು ಹೊತ್ತು ಎತ್ತಿ ಹಿಡಿದದ್ದಕ್ಕೆ ನೋಯುತ್ತಿರುವುದೋ? ಹೇಳಬೇಕೋ ಬೇಡವೋ? ಹೇಳಿದರೆ ಪರೀಕ್ಷೆ ಫೇಲಾಗುತ್ತದೆ ಎನ್ನುವ ಭಯ, ಎಸ್ಸೆಲ್ಸಿಯಲ್ಲಿ ಕೂತ ಹಾಗೆ. ಎಂಥ ಮೂರ್ಖತನ! ಕೊನೆಗೆ ಹೇಳಿದೆ. ಸಿಸ್ಟರ್ ಎರಡೂ ಕೈ ಹಿಂಡಿಸಿ ನೋಡಿದರು. "ಎರಡೂ ಒಂದೇ ಥರ ಇದೆ. ಕೈ ಇಳಿಸಿ, ಸುಸ್ತಾಗಿದೆ ಅಷ್ಟೇ."

ಅಷ್ಟರಲ್ಲಿ ಎಡಗಡೆಯಿಂದ ಬಣ್ಣ ಬಿಟ್ಟು ನೋಡಿದ್ದರು. ಬಣ್ಣ ಉಂಗುರ ದಾಟಿ ಬಲಭಾಗಕ್ಕೂ ಹರಡಿತ್ತು, ಎರಡೂ ಕಡೆ ಹೆಚ್ಚುಕಮ್ಮಿ ಒಟ್ಟಿಗೇ. ಮೂವತ್ತು ನಿಮಿಷ ಮುಗಿಯಿತು. ಪಾಸು. ಪಾಸಾದರೂ ಕೆಲವರಿಗೆ ಆಮೇಲೆ ಸ್ಟ್ರೋಕ್ ಆಗುವುದುಂಟು ಎಂದು ಡಾಕ್ಟರು ಆಗಲೂ ಹೇಳಿದರು. ಮುಚ್ಚುಮರೆ ಮಾಡಲಿಲ್ಲ, ಅದು ನನಗೆ ಹಿಡಿಸಿತು.

ಮುಂದಿನದು ಮಂಪರಿನಲ್ಲಿ. ಕೆಳಗೆ ಮಾತ್ರ ಮುಚ್ಚಿದರೆ ಉಂಗುರದಿಂದ ರಕ್ತ ಹಿಂದಕ್ಕೆ ಬಂದು ತೂತಿಗೆ ನುಗ್ಗುತ್ತದಂತೆ. ಆದ್ದರಿಂದ ತೂತಿನ ಆಚೆಯಿಂದ ಶುರು ಮಾಡಿ, ತೂತನ್ನು ದಾಟಿ, ಈಚೆಯವರೆಗೆ ಕಾಯಿಲ್ ಜೋಡಿಸುತ್ತಾ ಬಂದರು. ಒಟ್ಟು ಒಂಬತ್ತು. ಹೊರಗೆ ಕೂತ ಬಾಮೈದ ಒಂದೊಂದನ್ನೂ ಲೆಕ್ಕ ಇಟ್ಟಿದ್ದ.

ಐಸಿಯುನಲ್ಲಿ ಎರಡು ದಿನ ಮಲಗಿದ್ದೇ ಮಲಗಿದ್ದು. ಮೊದಲ ಆರು ಗಂಟೆ ಕಾಲು ಮಡಚುವ ಹಾಗಿಲ್ಲ, ತೊಡೆಸಂದಿಯಲ್ಲಿ ರಕ್ತ ಬರಬಾರದಲ್ಲ. ತಲೆದಿಂಬು ಇಲ್ಲ. ಸಲೈನ್ ಮೇಲೆ ಸಲೈನ್, ಬಿಪಿ ಸ್ವಲ್ಪ ಮೇಲೇ ಇರಲಿ ಎಂದು. ಬಲಗಡೆ ಕಣ್ಣಿನ ಹಿಂದೆ ತಲೆನೋವು. ಗಂಟೆಗೊಮ್ಮೆ ಎಬ್ಬಿಸಿ ಎಡಗೈ ಹಿಂಡಿಸುತ್ತಿದ್ದರು. ಎರಡನೇ ದಿನ ಮಂಚದ ತಲೆಭಾಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿದರು. ಕೂತುಕೊಳ್ಳುವುದಕ್ಕೂ ಇಷ್ಟು ತಯಾರಿ ಬೇಕಾ ಎನಿಸಿತು.

ಮೂರನೇ ದಿನ ಮೂಗಿನ ಗಾಜ್ ತೆಗೆದರು. ಅದೇ ನಿಜವಾದ ಪರೀಕ್ಷೆ. ಸಕ್ಷನ್ ಮಿಷನ್ ಪಕ್ಕದಲ್ಲಿಟ್ಟು, ನಾಲ್ಕು ಜನ ಸುತ್ತ ನಿಂತು, ಒಂದೊಂದೇ ಇಂಚು ಎಳೆದರು. ಜಾದೂಗಾರನ ಬಾಯಿಂದ ರಿಬ್ಬನ್ ಬಂದ ಹಾಗೆ ಬರುತ್ತಲೇ ಇತ್ತು. ಹಳೇ ಕಪ್ಪು ರಕ್ತ, ಕೆಟ್ಟ ನಾತ. ಕೊನೆಯ ತುದಿ ಹೊರಗೆ ಬಂತು. ಎಲ್ಲರೂ ಕಾದರು. ಕೆಂಪು ಬರಲಿಲ್ಲ. ಒಂದು ವಾರದ ಮೇಲೆ ಮೂಗಿಗೆ ಮೊದಲು ಬಡಿದದ್ದು ಡೆಟಾಲ್ ವಾಸನೆ.

ಈಗ ಹನ್ನೊಂದು ತಿಂಗಳಾಯಿತು. ಕಣ್ಣು ಬರಲಿಲ್ಲ, ಬರುವುದಿಲ್ಲ ಎಂದೂ ಹೇಳಿದ್ದಾರೆ. ಅಕ್ಷರ ಜೋಡಿಸುವುದಕ್ಕೆ ಒಂದು ಕಣ್ಣು ಸಾಕು. ಆದರೆ ದೂರ ಹತ್ತಿರ ತಿಳಿಯುವುದಿಲ್ಲ. ಕಾಫಿ ಬಗ್ಗಿಸಿದರೆ ಲೋಟದ ಪಕ್ಕ ಬೀಳುತ್ತದೆ. ಲೋಟದ ಅಂಚಿಗೆ ಪಾತ್ರೆ ತಾಗಿಸಿ ಬಗ್ಗಿಸುವುದನ್ನು ಅಮ್ಮನೇ ಕಲಿಸಿಕೊಟ್ಟಳು. ಗರಿಕೆಯ ವಿಷಯ ಅವಳು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಆರು ತಿಂಗಳಿಗೆ ಮತ್ತೆ ಆಂಜಿಯೋ ಮಾಡಿದರು. ಈ ಸಲ ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು. ಬಲಗಡೆಯ ನಾಳ ಕುತ್ತಿಗೆಯಲ್ಲೇ ಮೊಂಡಾಗಿ ನಿಂತಿತ್ತು. ಅದರ ಮೇಲೆ ಕಾಯಿಲ್‌ಗಳ ಕಪ್ಪು ಉಂಡೆ. ಎಡಗಡೆ ಬಿಟ್ಟ ಬಣ್ಣ ಮೇಲೆ ಹೋಗಿ, ಉಂಗುರ ದಾಟಿ, ಬಲಭಾಗದ ಕೊಂಬೆ ರೆಂಬೆಗೆಲ್ಲ ಹರಡಿತು. ಈಗ ಎಡಗಡೆಯ ನಾಳಕ್ಕೆ ಎರಡು ಕಡೆಯ ಕೆಲಸ. ಅದರ ಮೇಲೆ ಹೊಸ ಉಬ್ಬು ಬರದ ಹಾಗೆ ಕಣ್ಣಿಡಬೇಕು, ಮುಂದಿನ ವರ್ಷ ಎಂಆರ್‌ಐಗೆ ಬನ್ನಿ ಎಂದರು. ಪ್ಲಾಟಿನಂ ಕಾಯಿಲ್ ಇದ್ದರೂ ಎಂಆರ್‌ಐ ಮಾಡಬಹುದಂತೆ.

ಹೊರಡುವಾಗ ಕ್ಯಾಥ್‌ಲ್ಯಾಬಿನ ಸಿಸ್ಟರ್ ಗುರುತು ಹಿಡಿದರು. "ಲಗ್ನಪತ್ರಿಕೆಯವರಲ್ವಾ? ನಮ್ಮ ತಂಗಿದು ಗೊತ್ತಾಗಿದೆ. ನೂರೈವತ್ತು ಕಾರ್ಡಿಗೆ ಎಷ್ಟಾಗುತ್ತೆ?" ಎಂದರು. ಬಾಮೈದ ನನಗಿಂತ ಮೊದಲು ರೇಟು ಹೇಳಿಬಿಟ್ಟ. ಜಾಸ್ತಿಯೇ ಹೇಳಿದ, ಅಲ್ಲಿಂದ ಬಸ್ ಸ್ಟ್ಯಾಂಡಿನವರೆಗೆ ಅವನ ಜತೆ ಜಗಳ.